ಹದಿನಾಲ್ಕನೇ ಬೆಸುಗೆ

ಜನವರಿ 11

ಅಕ್ಕಾ,

ಏಳು ವರ್ಷದ ಮೇಲೆ ನನ್ನ ಅಕ್ಷರ ಕಂಡು ನಿನಗೆ ಗಾಬರಿಯಾಗಬಹುದು. ಹಾಗೇನಿಲ್ಲ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಗಳು ನನ್ನ ಭುಜದೆತ್ತರ ಬಂದಿದ್ದಾಳೆ. ಸಿಟ್ಟು ಬಂದರೆ ಥೇಟ್ ನಿನ್ನ ಹಾಗೆ ಮೂಗು ಮುರಿದು ಸುಮ್ಮನಾಗುತ್ತಾಳೆ. ಅದು ಹೇಗೆ ಬಂತು ಅವಳಿಗೆ, ನಿನ್ನನ್ನು ಸರಿಯಾಗಿ ನೋಡಿಯೂ ಇಲ್ಲವಲ್ಲ ಎಂದು ನನ್ನ ಹೆಂಡತಿ ನಗುತ್ತಾಳೆ.

ಫೋನ್ ಮಾಡಬಹುದಿತ್ತು. ಎರಡು ಸಲ ನಂಬರ್ ಒತ್ತಿದೆ, ಎರಡು ಸಲವೂ ಇಟ್ಟುಬಿಟ್ಟೆ. ಮಾತು ಶುರುವಾದರೆ ನಾವಿಬ್ಬರೂ ಹಳೆಯ ಜಗಳಕ್ಕೇ ಹೋಗಿ ನಿಲ್ಲುತ್ತೇವೆ ಅನ್ನಿಸಿತು. ಭಾವ ಹೋದ ಮೇಲೆ ಅವರಿದ್ದ ಅಣು ವಿದ್ಯುತ್ ಸ್ಥಾವರದಲ್ಲೇ ನೀನು ಕೆಲಸಕ್ಕೆ ಸೇರಬಾರದು ಎಂದು ನಾನು ಹೇಳಿದ್ದು, ಹೇಳಿದ ರೀತಿ, ಎರಡೂ ನನಗೆ ನೆನಪಿವೆ.

ಒಂದೇ ಒಂದು ವಿಷಯ ಕೇಳುವುದಿದೆ. ಭಾವ ತೀರಿಕೊಂಡ ತಾರೀಕು ಯಾವುದು? ನನಗೆ ಗೊತ್ತು ಅಂತ ನಿನಗೂ ಗೊತ್ತು. ಆದರೂ ನೀನು ನಿನ್ನ ಕೈಯಾರೆ ಬರೆದು ಕಳಿಸು. ವರ್ಷದ ಸಮೇತ.

ಇಂತಿ,
ನಿನ್ನ ತಮ್ಮ

ಜನವರಿ 29

ತಮ್ಮಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಒಡೆಯದೆ ಮೂರು ದಿನ ಇಟ್ಟಿದ್ದೆ.

ಮಾರ್ಚ್ ಹದಿನೇಳು. ಬರುವ ಮಾರ್ಚ್‌ಗೆ ಸರಿಯಾಗಿ ಎಂಟು ವರ್ಷ. ಮಂಗಳವಾರ, ಬೆಳಗಿನ ಏಳೂಕಾಲರ ಬಸ್ಸು. ನಿಲ್ದಾಣದ ಬೆಂಚಿನ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಿದ್ದೆ ಹೋಗಿದ್ದಾರೆ ಅಂದುಕೊಂಡು ಎಲ್ಲರೂ ಬಸ್ಸು ಹತ್ತಿ ಹೊರಟುಹೋದರು. ಹೃದಯ ನಿಂತಿತ್ತು. ಸಾಕಾ?

ಇದನ್ನು ನನ್ನ ಕೈಯಲ್ಲಿ ಬರೆಸಬೇಕು ಅಂತ ನಿನಗೆ ಯಾಕೆ ಅನ್ನಿಸಿತೋ ಕಾಣೆ. ನೀನು ಸ್ಥಾವರಗಳ ನಿಯಂತ್ರಣ ಮಂಡಳಿಯ ದೊಡ್ಡ ಅಧಿಕಾರಿ, ಕಾರಣವಿಲ್ಲದೆ ಕೇಳುವವನಲ್ಲ.

ನಾನು ಅದೇ ಕೆಲಸದಲ್ಲಿದ್ದೇನೆ. ಸ್ಥಾವರದ ಆಡಳಿತ ಕಟ್ಟಡದ ನೆಲಮಾಳಿಗೆಯಲ್ಲಿ ರೆಕಾರ್ಡ್ ರೂಮು. ಕಿಟಕಿ ಇಲ್ಲ. ಕಾಗದಕ್ಕೆ ತೇವ ತಾಗಬಾರದೆಂದು ಗಾಳಿ ಒಣಗಿಸುವ ಯಂತ್ರವೊಂದು ಸದಾ ಓಡುತ್ತಿರುತ್ತದೆ. ಸಂಜೆ ಹೊತ್ತಿಗೆ ನನ್ನ ತುಟಿಯೂ ಕಾಗದದ ಹಾಗಾಗಿರುತ್ತದೆ. ನಲವತ್ತು ವರ್ಷದ ಕಡತಗಳ ಮಧ್ಯೆ ನಾನೊಬ್ಬಳೇ. ಬೇಸರವೇನಿಲ್ಲ.

ಮಗಳ ಫೋಟೋ ಇದ್ದರೆ ಕಳಿಸು.

ಇಂತಿ,
ಅಕ್ಕ

ಫೆಬ್ರವರಿ 16

ಅಕ್ಕಾ,

ಫೋಟೋ ಜೊತೆಗಿಟ್ಟಿದ್ದೇನೆ. ಈಗ ಕಾರಣ ಹೇಳುತ್ತೇನೆ. ಹೇಳಬಾರದು, ಆದರೂ ಹೇಳುತ್ತೇನೆ.

ನಿಮ್ಮ ಸ್ಥಾವರದ ಪರವಾನಗಿ ಮುಂದಿನ ವರ್ಷದ ಕೊನೆಗೆ ಮುಗಿಯುತ್ತದೆ. ಇನ್ನೂ ಇಪ್ಪತ್ತು ವರ್ಷ ನಡೆಸಲು ಅನುಮತಿ ಬೇಕೆಂದು ಅರ್ಜಿ ಹಾಕಿದ್ದಾರೆ. ಅದರ ಹಳೆಯ ಪೈಪುಗಳ ಭಾಗ ಪರಿಶೀಲನೆಗೆ ನನ್ನ ಮೇಜಿಗೆ ಬಂದಿದೆ. ಹತ್ತಿರದ ಸಂಬಂಧಿಕರು ಅಲ್ಲಿ ಕೆಲಸದಲ್ಲಿದ್ದಾರೆಯೇ ಎಂದು ಒಂದು ಫಾರಂ ತುಂಬಿಸಿಕೊಂಡರು. 'ಇಲ್ಲ' ಎಂದು ಬರೆದೆ. ನಿನ್ನನ್ನು ಆಗಲೇ ಕಳೆದುಕೊಂಡವನ ಹಾಗೆ ಬರೆದುಬಿಟ್ಟೆ. ಅದು ತಪ್ಪು.

ಡಿಸೆಂಬರಿನಲ್ಲಿ ಸ್ಥಾವರಗಳ ಕಂಪನಿಯವರಿಗೂ ನಮಗೂ ಒಂದು ದೊಡ್ಡ ಸಭೆ ನಡೆಯಿತು. ಮೈ ಕೊರೆಯುವ ಏಸಿ, ಎಲ್ಲರ ಮುಂದೂ ನೀರಿನ ಬಾಟಲಿ. ಪರಿಶೀಲನೆಗೆ ಇಪ್ಪತ್ತೆರಡು ತಿಂಗಳು ಹಿಡಿಯುತ್ತಿದೆ, ಹದಿನೆಂಟಕ್ಕೆ ಇಳಿಸಬೇಕು ಎಂಬುದು ಅವರ ಬೇಡಿಕೆ. "ಕಾಗದ ಮಾತಾಡುತ್ತೆ ಸಾರ್," ಅಂದರು ಅವರ ಕಡೆಯ ಒಬ್ಬರು. "ನಲವತ್ತು ವರ್ಷದ ದಾಖಲೆ ಇದೆ. ಮತ್ತೆ ಹೋಗಿ ಒಂದೊಂದು ಪೈಪನ್ನೂ ತಡವಿ ನೋಡ್ತೀವಿ ಅಂದ್ರೆ ಹೇಗೆ?" ನಮ್ಮ ನಿರ್ದೇಶಕರೂ ತಲೆಯಾಡಿಸಿದರು. ಆಮೇಲೆ ಕಂಪನಿಯವರು ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ಹದಿನಾಲ್ಕನೇ ಬೆಸುಗೆ. ಎರಡು ಪೈಪುಗಳನ್ನು ಸೇರಿಸುವ ಜಾಗ, ದಪ್ಪ ಗೋಡೆಗಳ ಕೋಣೆಯೊಂದರ ಒಳಗಿದೆ. ಅಲ್ಲೊಂದು ಸಣ್ಣ ಬಿರುಕು ಇರುವುದು ಹಳೆಯ ಸಂಗತಿ. ಎರಡು ವರ್ಷಕ್ಕೊಮ್ಮೆ, ಸ್ಥಾವರ ನಿಂತಾಗ, ಅದರ ಆಳ ಅಳೆಯುತ್ತಾರೆ. ಹತ್ತು ಸಲದ ಅಳತೆಯೂ ಒಂದೇ: 1.2 ಮಿಲಿಮೀಟರು. ಗೆರೆ ನೂಲು ಹಿಡಿದ ಹಾಗೆ ನೇರ. "ಇದು ವಯಸ್ಸಾಗದ ಬೆಸುಗೆ!" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೇಜಿಗೆ ಬಂದು ಆ ಹತ್ತು ಹಾಳೆಗಳ ನಕಲು ತೆಗೆದು ನೋಡಿದೆ. ಬಿರುಕು ಬೆಳೆಯದೇ ಇರಬಹುದು, ಅಕ್ಕ. ಆದರೆ ಅಳೆಯುವ ಕೈ ನಡುಗುತ್ತದೆ, ಯಂತ್ರ ಕೂದಲೆಳೆಯಷ್ಟಾದರೂ ಆಚೀಚೆ ಹೋಗುತ್ತದೆ. ಹತ್ತು ಸಲವೂ ಒಂದೇ ಅಂಕಿ ಬರುವುದಿಲ್ಲ.

ಹಾಳೆಯಲ್ಲಿ ಅಳೆದವರ ಹೆಸರಿರುವುದಿಲ್ಲ. ಪ್ರಮಾಣಪತ್ರದ ಸಂಖ್ಯೆ, ಅದರ ಕೆಳಗೆ ಸಹಿ. ಆ ಸಹಿ ನನಗೆ ಗೊತ್ತು. ಅಪ್ಪ ಹೋದ ಮೇಲೆ ಆರು ವರ್ಷ ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ಬೀಳುತ್ತಿದ್ದ ಸಹಿ ಅದು. ಕೊನೆಯ ಅಕ್ಷರದ ಬಾಲ ಹಿಂದಕ್ಕೆ ಬಂದು ಮೊದಲ ಅಕ್ಷರವನ್ನು ಮುಟ್ಟುತ್ತದೆ. ಭಾವನ ಸಹಿ.

ಹತ್ತರಲ್ಲಿ ಆರು, ಅವರು ಬದುಕಿದ್ದಾಗಿನವು. ನಾಲ್ಕು, ನೀನು ಬರೆದು ಕಳಿಸಿದ ತಾರೀಕಿನ ನಂತರದವು. ಕೊನೆಯದು ಐದು ತಿಂಗಳ ಹಿಂದಿನದು, ಹೋದ ಸೆಪ್ಟೆಂಬರಿನದು.

ಮೂಲ ಹಾಳೆಗಳು ಇರುವುದು ನಿನ್ನ ನೆಲಮಾಳಿಗೆಯಲ್ಲಿ. ನೀನು ನೋಡಿದ್ದೀಯಾ?

ನಿನ್ನ ತಮ್ಮ

ಏಪ್ರಿಲ್ 2

ತಮ್ಮಾ,

ನೋಡಿದ್ದೇನೆ.

ಇಷ್ಟು ದಿನ ಉತ್ತರ ಬರೆಯಲಿಲ್ಲ. ಮಾರ್ಚ್ ಹದಿನೇಳು ಕಳೆಯಲಿ ಅಂತ ಇದ್ದೆ.

ನಾನು ಸೇರಿದ ವರ್ಷದ ಸೆಪ್ಟೆಂಬರಿನಲ್ಲಿ ಸ್ಥಾವರ ನಿಂತಿತು. ನಿಂತರೆ ಈ ಊರಿಗೆ ಒಂದು ಥರಾ ಕಿವಿ ಕಟ್ಟಿದ ಹಾಗಾಗುತ್ತದೆ. ನಲವತ್ತು ವರ್ಷದಿಂದ ಗೋಡೆಯೊಳಗೆ, ತಟ್ಟೆ ಲೋಟದೊಳಗೆ ಒಂದು ಗುಂಯ್ ಎನ್ನುವ ಸದ್ದು ಇರುತ್ತದಲ್ಲ, ಅದು ಇದ್ದಕ್ಕಿದ್ದಂತೆ ಇಲ್ಲ. ಜನ ಕಾರಣವಿಲ್ಲದೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಂಥ ಒಂದು ಮಧ್ಯಾಹ್ನ ಪರೀಕ್ಷಾ ವಿಭಾಗದಿಂದ ಒಂದು ಕಟ್ಟು ಹಾಳೆ ಬಂತು. ನಂಬರ್ ಹಾಕಿ ಕಡತಕ್ಕೆ ಸೇರಿಸುತ್ತಾ ಹೋದೆ. ಏಳನೆಯದೋ ಎಂಟನೆಯದೋ ತಿರುವಿದರೆ, ಇವರ ಸಹಿ.

ಹಳೆಯ ಹಾಳೆ ಸೇರಿಕೊಂಡಿದೆ ಅಂದುಕೊಂಡೆ. ತಾರೀಕು ನೋಡಿದರೆ ಹಿಂದಿನ ದಿನದ್ದು.

ನಾನು ಕಿರುಚಲಿಲ್ಲ. ಯಾರನ್ನೂ ಕರೆಯಲಿಲ್ಲ. ನೀನು ನಗಬೇಡ, ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ನಿನ್ನೆ ಕೆಲಸಕ್ಕೆ ಬಂದಿದ್ದರಲ್ಲ, ಇಲ್ಲಿ ಇಳಿದು ಒಂದು ಮಾತೂ ಆಡದೇ ಹೋದರಲ್ಲ ಅಂತ.

ಬೆರಳು ಒದ್ದೆ ಮಾಡಿಕೊಂಡು ಸಹಿಯ ಮೇಲೆ ಒತ್ತಿದೆ. ಏನೂ ಅಂಟಲಿಲ್ಲ. ತಾರೀಕಿನ ಮೇಲೆ ಒತ್ತಿದೆ, ನೀಲಿ ಬಂತು. ತಾರೀಕು ಹೊಸದು. ಅಂಕಿ ಹೊಸದು. ಸಹಿ ಮಾತ್ರ ಹಳೆಯದು, ಕಪ್ಪು ಶಾಯಿ ಕಂದು ತಿರುಗಿತ್ತು.

ಆವಾಗಲೇ ನನಗೆ ಎಲ್ಲಾ ತಿಳಿಯಿತು. ತಿಳಿದೂ ಅದನ್ನು ಒಳಗಿಟ್ಟು ಬೀಗ ಹಾಕಿದೆ. ಅವರು ಹೋಗುವುದಕ್ಕೆ ಒಂದು ತಿಂಗಳ ಮುಂಚೆ, ಒಂದು ಭಾನುವಾರ, ಊಟದ ಮೇಜಿನ ಮೇಲೆ ಖಾಲಿ ಹಾಳೆಗಳ ಕಟ್ಟು ಇಟ್ಟುಕೊಂಡು ಸಹಿ ಹಾಕುತ್ತಾ ಕೂತಿದ್ದರು. ಒಂದಾದ ಮೇಲೆ ಒಂದು. "ಏನ್ರೀ ಇದು, ಖಾಲಿ ಹಾಳೆಗೆ ಸಹಿ ಹಾಕ್ತಿದ್ದೀರಾ?" ಅಂದೆ. "ಮೇಷ್ಟ್ರು ಹೇಳಿದ್ದಾರೆ. ಶಟ್‌ಡೌನ್ ಟೈಮಲ್ಲಿ ಪುರುಸೊತ್ತಿರಲ್ಲ," ಅಂದರು. ತಲೆ ಎತ್ತಲಿಲ್ಲ. ಮೇಷ್ಟ್ರು ಅಂದರೆ ಪರೀಕ್ಷಾ ವಿಭಾಗದ ಮುಖ್ಯಸ್ಥರು. ಹುಡುಗರಿಗೆಲ್ಲ ಅವರೇ ತರಬೇತಿ ಕೊಡುವುದರಿಂದ ಆ ಹೆಸರು. ನನಗೆ ಈ ಕೆಲಸ ಕೊಡಿಸಿದವರೂ ಅವರೇ.

ಮತ್ತೆ ಎರಡು ವರ್ಷಕ್ಕೆ ಇನ್ನೊಂದು ಹಾಳೆ ಬಂತು. ಇನ್ನೆರಡು ವರ್ಷಕ್ಕೆ ಮತ್ತೊಂದು, ಹೋದ ಸೆಪ್ಟೆಂಬರಿಗೆ ನಾಲ್ಕನೆಯದು. ತಮ್ಮಾ, ನಿನಗೆ ಇದು ಅರ್ಥವಾಗುತ್ತದೋ ಇಲ್ಲವೋ. ಸೆಪ್ಟೆಂಬರ್ ಹತ್ತಿರ ಬಂದರೆ ನಾನು ಒಳ್ಳೆಯ ಸೀರೆ ಉಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ.

ಆ ಹಾಳೆ ಬಂದ ದಿನ ಅದನ್ನು ಕೂಡಲೇ ಕಡತಕ್ಕೆ ಹಾಕುತ್ತಿರಲಿಲ್ಲ. ಸಂಜೆಯವರೆಗೆ ಮೇಜಿನ ಮೇಲೆ ಎದುರಿಗಿಟ್ಟುಕೊಂಡು ಬೇರೆ ಕೆಲಸ ಮಾಡುತ್ತಿದ್ದೆ.

ಈಗ ನೀನು ಏನು ಮಾಡಬೇಕೋ ಮಾಡು. ಆದರೆ ಅವರು ಸುಳ್ಳುಗಾರ ಅಂತ ನನ್ನ ಮುಂದೆ ಹೇಳಬೇಡ.

ಅಕ್ಕ

ಏಪ್ರಿಲ್ 14

ಅಕ್ಕಾ,

ಹೇಳುವುದಿಲ್ಲ. ಹೇಳದಿರಲು ನನ್ನ ಬಳಿ ಈಗ ಕಾರಣವೂ ಇದೆ.

ಸ್ಥಾವರದ ಒಳಗೆ ಹೋಗುವ ಪ್ರತಿಯೊಬ್ಬರ ಎದೆಯ ಮೇಲೂ ಒಂದು ಬಿಲ್ಲೆ ಇರುತ್ತದಲ್ಲ, ಮೈಗೆ ಎಷ್ಟು ವಿಕಿರಣ ತಾಗಿತೆಂದು ಬರೆದುಕೊಳ್ಳುವ ಬಿಲ್ಲೆ. ಹಾಳೆಗಳನ್ನು ಯಾರಾದರೂ ತುಂಬಬಹುದು, ಬಿಲ್ಲೆಯ ಲೆಕ್ಕ ತಿದ್ದಲು ಬರುವುದಿಲ್ಲ. ಅದು ಬೇರೆ ಇಲಾಖೆಯ ಕಂಪ್ಯೂಟರಿನಲ್ಲಿರುತ್ತದೆ. ತರಿಸಿ ನೋಡಿದೆ.

ಮೊದಲ ಹಾಳೆಯ ದಿನ ಭಾವ ಆ ಕೋಣೆಗೆ ಹೋಗಿದ್ದಾರೆ. ಆ ಅಳತೆ ನಿಜ. ಆಮೇಲೆ ಪಕ್ಕದ ಪಂಪು ಬದಲಾಯಿಸಿದರು, ಕೋಣೆಯಲ್ಲಿ ವಿಕಿರಣ ಹೆಚ್ಚಾಯಿತು. ಒಬ್ಬ ಮನುಷ್ಯ ಅಲ್ಲಿ ಹನ್ನೊಂದು ನಿಮಿಷ ನಿಂತರೆ ಅವನ ವರ್ಷದ ಪಾಲು ಮುಗಿಯಿತು, ಬೇರೆ ಕೆಲಸಕ್ಕೆ ಅವನಿಲ್ಲ. ಆದ್ದರಿಂದ ಕಳಿಸುವುದನ್ನೇ ಬಿಟ್ಟರು. ಹಿಂದಿನ ಅಂಕಿಯನ್ನೇ ಬರೆದರು. ಉಳಿದ ಒಂಬತ್ತು ಹಾಳೆಗಳ ದಿನ ಆ ಕೋಣೆಗೆ ಒಬ್ಬರೂ ಕಾಲಿಟ್ಟಿಲ್ಲ.

ಈಗ ಕೇಳು. ಭಾವ ಬದುಕಿದ್ದಷ್ಟು ಕಾಲ, ಸುಳ್ಳು ಹಾಳೆ ಬರೆದ ಐದೂ ಸಲ, ಅದರ ಮಾರನೆಯ ದಿನವೋ ಮೂರನೆಯ ದಿನವೋ ಅವರ ಬಿಲ್ಲೆಯ ಮೇಲೆ ಒಂದು ದೊಡ್ಡ ಅಂಕಿ ಬಿದ್ದಿದೆ. ಆ ದಿನ ಅವರಿಗೆ ಯಾವ ಕೆಲಸವನ್ನೂ ವಹಿಸಿರಲಿಲ್ಲ. ಜೊತೆಗೆ ಯಾರೂ ಹೋಗಿಲ್ಲ. ಹತ್ತು ನಿಮಿಷ, ಹನ್ನೊಂದು ನಿಮಿಷ, ಅದೇ ಕೋಣೆಯಲ್ಲಿ. ಷರಾ ಜಾಗದಲ್ಲಿ 'ಕಾರಣ ತಿಳಿದಿಲ್ಲ' ಎಂದು ಬರೆದು ಬಿಟ್ಟಿದ್ದಾರೆ.

ಸುಳ್ಳು ಬರೆದ ಮೇಲೆ ಒಬ್ಬರೇ ಅಲ್ಲಿಗೆ ಯಾಕೆ ಹೋದರು? ಹೋಗಿ ಏನು ಮಾಡಿದರು?

ನಾಳೆ ನಿರ್ದೇಶಕರ ಹತ್ತಿರ ಹೋಗಿ ನಿನ್ನ ವಿಷಯ ಹೇಳುತ್ತೇನೆ, ಫಾರಂನಲ್ಲಿ ಸುಳ್ಳು ಬರೆದೆ ಅಂತಲೂ ಹೇಳುತ್ತೇನೆ. ನನ್ನನ್ನು ಈ ಕೆಲಸದಿಂದ ತೆಗೆಯುತ್ತಾರೆ. ಅದಕ್ಕೆ ಮುಂಚೆ ಒಂದು ಪ್ರಶ್ನೆಯನ್ನು ಅಧಿಕೃತವಾಗಿ ಸ್ಥಾವರಕ್ಕೆ ಕಳಿಸಿದ್ದೇನೆ: 'ಹದಿನಾಲ್ಕನೇ ಬೆಸುಗೆಯ ಪರೀಕ್ಷೆ ನಡೆಸಿದವರ ಬಿಲ್ಲೆಯ ಲೆಕ್ಕ ಒದಗಿಸಿ.' ಒಂದೇ ಸಾಲು. ಇನ್ನು ಮುಂದೆ ನಾನು ಕೇಳುವ ಹಾಗಿಲ್ಲ, ನೀನು ನನಗೆ ಹೇಳುವ ಹಾಗೂ ಇಲ್ಲ. ಹೇಳುವುದಿದ್ದರೆ ಎಲ್ಲರ ಮುಂದೆ ಹೇಳಬೇಕು. ಜೂನ್‌ನಲ್ಲಿ ನಿಮ್ಮೂರಲ್ಲೇ ಸಾರ್ವಜನಿಕ ಸಭೆ ಇದೆ. ಹೇಳು ಅನ್ನುವುದಿಲ್ಲ. ಇದೆ ಅಂತ ತಿಳಿಸಿದ್ದೇನೆ, ಅಷ್ಟೆ.

ನಿನ್ನ ತಮ್ಮ

ಜೂನ್ 23

ತಮ್ಮಾ,

ಎಲ್ಲರ ಮುಂದೆ ಹೇಳಿಯಾಗಿದೆ. ಇನ್ನು ನಿನಗೆ ಬರೆಯಬಹುದು.

ನಿನ್ನ ಒಂದು ಸಾಲು ಬಂದ ವಾರ ಮೇಷ್ಟ್ರು ನೆಲಮಾಳಿಗೆಗೆ ಇಳಿದು ಬಂದರು. ಏಳು ವರ್ಷದಲ್ಲಿ ಮೊದಲ ಸಲ. ಸ್ಟೂಲು ಎಳೆದುಕೊಂಡು ಕೂತರು. ಅವರಿಗೂ ವಯಸ್ಸಾಗಿದೆ, ಮೆಟ್ಟಿಲಿಳಿದಿದ್ದಕ್ಕೇ ಏದುಸಿರು.

"ಇಲ್ಲಿ ತುಂಬಾ ಒಣ ಹವೆ ಅಲ್ವೇನಮ್ಮ," ಅಂದರು.

"ಅಭ್ಯಾಸ ಆಗಿದೆ ಸಾರ್."

"ಹದಿನಾಲ್ಕರ ಫೈಲು ಸ್ವಲ್ಪ ಬೇಕಿತ್ತು. ಮೂಲ ಪ್ರತಿಗಳು."

"ಬರೆದುಕೊಟ್ಟು ತಗೊಂಡು ಹೋಗಿ."

ಅವರು ನಕ್ಕರು. ಕೆಟ್ಟ ನಗುವಲ್ಲ, ಸೋತವರ ನಗು. "ನೋಡಮ್ಮ, ಹದಿನೆಂಟು ವರ್ಷದಿಂದ ಏನೂ ಆಗಿಲ್ಲ. ಏನಾದ್ರೂ ಆಗೋದಿದ್ರೆ ಆಗ್ತಿರ್ಲಿಲ್ವಾ? ಈ ಊರು ನಡೀತಿರೋದೇ ಅದರಿಂದ. ನಿನ್ನ ಯಜಮಾನರು ಒಂದು ದಿನಾನೂ ತಕರಾರು ಮಾಡಿದವರಲ್ಲ. ಈಗ ಅವರ ಹೆಸರು ಎಲ್ಲರ ಬಾಯಿಗೆ ಬೀಳೋದು ನಿನಗಿಷ್ಟಾನಾ?"

ಆಮೇಲೆ, ನಾನು ಕೇಳದೆಯೇ, ಏನೋ ಸಮಾಧಾನ ಹೇಳುವವರ ಹಾಗೆ ಅಂದರು: "ಅವರ ಸಹಿ ಇರೋ ಹಾಳೆ ಇನ್ನೂ ಹನ್ನೊಂದಿದೆ. ನನ್ನ ಡ್ರಾಯರಲ್ಲಿ ಜೋಪಾನವಾಗಿದೆ."

ಹನ್ನೊಂದು. ಇಪ್ಪತ್ತು ವರ್ಷಕ್ಕೆ ಹತ್ತು ಬೇಕು. ನಾನು ಲೆಕ್ಕ ಹಾಕಿದ್ದನ್ನು ಅವರ ಕಣ್ಣು ಕಂಡಿತು. ನನ್ನೊಳಗೆ ಎಲ್ಲೋ ಒಂದು ಕಡೆ ಖುಷಿಯಾಗಿತ್ತು. ಇನ್ನೂ ಹತ್ತು ಸಲ ಬರುತ್ತಾರೆ ಅಂತ. ಆ ಖುಷಿ ಕಂಡೇ ನಾನು ಹೆದರಿದ್ದು. ಆ ಹತ್ತು ಸಲ ಮುಗಿಯುವ ಹೊತ್ತಿಗೆ ನಾನು ಎಪ್ಪತ್ತೈದರ ಮುದುಕಿ, ಅವರ ಸಹಿಗೆ ಮಾತ್ರ ವಯಸ್ಸಾಗಿರುವುದಿಲ್ಲ, ಆ ಗೋಡೆಯೊಳಗೆ ಅದೇನು ಬೆಳೆಯುತ್ತಿದೆಯೋ ಬೆಳೆಯುತ್ತಿರುತ್ತದೆ.

ಫೈಲು ಕೊಡಲಿಲ್ಲ. "ಮಂಡಳಿಯಿಂದ ಪ್ರಶ್ನೆ ಬಂದಿರೋ ಫೈಲು ಹೊರಗೆ ಹೋಗೋ ಹಾಗಿಲ್ಲ ಸಾರ್, ನೀವೇ ಮಾಡಿದ ನಿಯಮ," ಅಂದೆ. ಎದ್ದು ಹೋದರು.

ಸಭೆ ಶಾಲೆಯ ಹಾಲ್‌ನಲ್ಲಿ ನಡೆಯಿತು. ಮಕ್ಕಳ ಕುರ್ಚಿಗಳ ಮೇಲೆ ದೊಡ್ಡವರೆಲ್ಲ ಮಂಡಿ ಮಡಿಸಿಕೊಂಡು ಕೂತಿದ್ದರು. ನಿಮ್ಮ ಕಡೆಯ ಐದು ಜನ ವೇದಿಕೆಯ ಮೇಲೆ. ನೀನಿರಲಿಲ್ಲ, ಇರುವುದಿಲ್ಲ ಅಂತ ಗೊತ್ತಿದ್ದರೂ ಹುಡುಕಿದೆ. ಪರವಾನಗಿ ಬೇಕು ಎಂದು ಅಂಗಡಿಯವರು ಮಾತಾಡಿದರು, ಬಸ್ಸಿನವರು ಮಾತಾಡಿದರು. ಬೇಡ ಎಂದು ಪಕ್ಕದೂರಿನವರೊಬ್ಬರು ಅಂದರೆ ಹಿಂದಿನಿಂದ ಕೂಗಾಡಿದರು. ನಾನು ಹೆಸರು ಕೊಟ್ಟಿರಲಿಲ್ಲ. ಸುಮ್ಮನೆ ಎದ್ದು ನಿಂತೆ. ನಿಂತ ಮೇಲೆ ಕೂರಲು ಆಗಲಿಲ್ಲ.

"ನನ್ನ ಯಜಮಾನರು ಪೈಪ್ ಪರೀಕ್ಷೆ ಮಾಡ್ತಿದ್ರು," ಅಂದೆ. "ತೀರಿಕೊಂಡು ಎಂಟು ವರ್ಷ ಆಯ್ತು. ಹೋದ ಸೆಪ್ಟೆಂಬರಲ್ಲೂ ಅವರು ಪರೀಕ್ಷೆ ಮಾಡಿದ್ದಾರೆ ಅಂತ ಸ್ಥಾವರದ ಅರ್ಜಿಯಲ್ಲಿದೆ. ಆ ಹಾಳೆಗೆ ನಂಬರ್ ಹಾಕಿದ್ದು ನಾನೇ."

ಯಾರೂ ಕೂಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಳ್ಳಲೇ ಇಲ್ಲ.

ಮನೆಗೆ ಬರುವಾಗ ರಸ್ತೆಯಲ್ಲಿ ಒಬ್ಬರೂ ನನ್ನನ್ನು ಮಾತಾಡಿಸಲಿಲ್ಲ.

ಅಕ್ಕ

ಜುಲೈ 8

ಅಕ್ಕಾ,

ನೀನು ಮಾತಾಡಿದ್ದರ ಟೈಪ್ ಮಾಡಿದ ಪ್ರತಿ ಮಂಡಳಿಯಲ್ಲಿ ಎಲ್ಲರ ಮೇಜಿನ ಮೇಲೂ ಇದೆ. ನನ್ನ ಮೇಜಿನ ಮೇಲಿಲ್ಲ. ನನ್ನನ್ನು ಮೂರನೇ ಮಹಡಿಗೆ ಹಾಕಿದ್ದಾರೆ, ಅಳತೆ ಯಂತ್ರಗಳ ಪ್ರಮಾಣಪತ್ರ ನೋಡುವ ಕೆಲಸ. ನಿರ್ದೇಶಕರು ಬೈಯಲಿಲ್ಲ. "ಮುಚ್ಚಿಟ್ಟಿದ್ದು ತಪ್ಪು, ಹುಡುಕಿದ್ದು ಸರಿ. ಎರಡನ್ನೂ ನಿಮ್ಮ ಕಡತಕ್ಕೆ ಸೇರಿಸ್ತೀನಿ," ಅಂದರು.

ಸೆಪ್ಟೆಂಬರಿನಲ್ಲಿ ಸ್ಥಾವರ ನಿಲ್ಲಿಸಿ ಆ ಕೋಣೆ ತೆಗೆಯಲು ಆಜ್ಞೆ ಹೋಗಿದೆ. ಹೊರಗಿನ ತಂಡ ಹೋಗುತ್ತದೆ. ನನಗೆ ಏನೂ ತಿಳಿಸುವುದಿಲ್ಲ. ನಿನಗೆ ತಿಳಿದರೆ ಬರೆ.

ಊರಲ್ಲಿ ನಿನಗೆ ತೊಂದರೆಯಾದರೆ ಇಲ್ಲಿಗೆ ಬಂದುಬಿಡು. ಇದನ್ನು ಏಳು ವರ್ಷದ ಹಿಂದೆ ಅಪ್ಪಣೆ ಮಾಡಿದ ಹಾಗೆ ಹೇಳಿದ್ದೆ. ಈಗ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ ತಮ್ಮ

ಅಕ್ಟೋಬರ್ 4

ತಮ್ಮಾ,

ಕೋಣೆ ತೆಗೆದರು.

ಹೊರಗಿನ ತಂಡದಲ್ಲಿ ಅಳೆಯುವವಳು ಒಬ್ಬ ಹೆಣ್ಣುಮಗಳು. ಮೂವತ್ತು ಇರಬಹುದು. ಮೊದಲ ದಿನ ಒಳಗೆ ಹೋಗಿ ಬಂದವಳು ನೇರ ನೆಲಮಾಳಿಗೆಗೆ ಇಳಿದು ಬಂದಳು. ಸ್ನಾನ ಮಾಡಿದ ಕೂದಲು ಇನ್ನೂ ಒದ್ದೆ. "ನೀವೇನಾ ಅವರ ಮನೆಯವರು?" ಅಂದಳು. ಹೂಂ ಅಂದೆ. "ದಾಖಲೆಗೆ ಸೇರಿಸಬೇಕಾದ ಫೋಟೋ ಇದು. ಬೇರೆಯವರ ಕೈಗೆ ಹೋಗೋ ಮುಂಚೆ ನೀವು ನೋಡಿ ಅಂತ ತಂದೆ," ಅಂದು ಮೇಜಿನ ಮೇಲಿಟ್ಟಳು.

ಬಿರುಕಿನ ಫೋಟೋ ಇರಬೇಕು ಅಂದುಕೊಂಡೆ. ಅದು ಗೋಡೆಯ ಫೋಟೋ.

ಪೈಪಿನ ಹಿಂದೆ, ಒಳಗೆ ಹೋಗಿ ಬಗ್ಗಿ ನಿಂತವರಿಗೆ ಮಾತ್ರ ಕಾಣುವ ಜಾಗದಲ್ಲಿ, ಪೈಪಿಗೆ ಗುರುತು ಹಾಕುವ ಬಿಳಿ ಪೇಂಟಿನ ಪೆನ್ನಿನಲ್ಲಿ ಐದು ಸಾಲು ಬರೆದಿದೆ. ಇವರ ಅಕ್ಷರ. ಒಂದೊಂದರ ಮುಂದೂ ತಾರೀಕು.

1.2
1.5
2.1
3.0
4.4

ನಿನ್ನ ಬಿಲ್ಲೆಯ ಐದು ದಿನಗಳೇ, ತಮ್ಮಾ. ಕಾಗದದ ಮೇಲೆ ಸುಳ್ಳು ಬರೆದು, ಮಾರನೆಯ ದಿನ ಒಬ್ಬರೇ ಹೋಗಿ ನಿಜವನ್ನು ಅಲ್ಲಿ ಬರೆದು ಬರುತ್ತಿದ್ದರು. ಯಾರೂ ಬಾರದ ಕೋಣೆಯಲ್ಲಿ.

ಎರಡನೇ ಸಾಲಿನಿಂದ ಅಂಕಿಯ ಪಕ್ಕದಲ್ಲಿ ಸಣ್ಣದಾಗಿ ಒಂದು ಮಾತಿದೆ. 'ಹೇಳಬೇಕು.' ಮೂರನೆಯದರ ಪಕ್ಕದಲ್ಲೂ 'ಹೇಳಬೇಕು.' ನಾಲ್ಕನೆಯದರ ಪಕ್ಕದಲ್ಲೂ. ಐದನೆಯದು ದೊಡ್ಡ ಅಕ್ಷರದಲ್ಲಿದೆ, ಪೆನ್ನು ಒತ್ತಿ ಪೇಂಟು ಕೆಳಗೆ ಸೋರಿದೆ. 'ಈ ಸಲ ಹೇಳಲೇಬೇಕು.'

ಅದು ಅವರು ಹೋಗುವುದಕ್ಕೆ ಆರು ತಿಂಗಳ ಮುಂಚಿನದು. ಆರು ತಿಂಗಳು ಅವರು ಹೇಳಲಿಲ್ಲ. ಅದರ ಮಧ್ಯೆಯೇ ಆ ಖಾಲಿ ಹಾಳೆಗಳಿಗೆ ಸಹಿ ಹಾಕಿಕೊಟ್ಟರು. ನಾನು ಅವರನ್ನು ಸಮರ್ಥಿಸುತ್ತಿಲ್ಲ. ಪ್ರತಿದಿನ ಎದುರಿಗೆ ಕೂತು ಉಂಡವರು, ಉಪ್ಪು ಕಡಿಮೆ ಅಂತ ಹೇಳಿದರು, ನಲ್ಲಿ ಸೋರುತ್ತಿದೆ ಅಂತ ಹೇಳಿದರು, ಇದನ್ನು ಹೇಳಲಿಲ್ಲ. ಆ ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಇವತ್ತು ಬರೋದು ತಡ ಆಗಬಹುದು, ಒಬ್ಬರ ಹತ್ತಿರ ಮಾತಾಡೋದಿದೆ," ಅಂದರು. ಯಾರ ಹತ್ತಿರ ಅಂತ ನಾನು ಕೇಳಲಿಲ್ಲ. ಒಲೆಯ ಮೇಲೆ ಹಾಲಿತ್ತು.

"ಈಗ ಎಷ್ಟಿದೆ?" ಎಂದು ಆ ಹೆಣ್ಣುಮಗಳನ್ನು ಕೇಳಿದೆ.

"ಹದಿನೇಳು ಪಾಯಿಂಟ್ ಆರು," ಅಂದಳು. "ಪೈಪಿನ ಗೋಡೆ ಇರೋದೇ ಇಪ್ಪತ್ತೆರಡು ಮಿಲಿಮೀಟರ್."

ಆಮೇಲೆ ಅಂದಳು: "ನಾನು ಒಳಗೆ ಲೈಟ್ ಹಾಕಿದಾಗ ಮೊದಲು ಗೋಡೆ ಕಾಣಿಸ್ತು ಅಮ್ಮ. ಯಾರೋ ಹಿಂದೆ ನಿಂತು ಓದಿ ಹೇಳಿದ ಹಾಗಾಯ್ತು. ನನ್ನ ಹನ್ನೊಂದು ನಿಮಿಷದಲ್ಲಿ ಎರಡು ನಿಮಿಷ ಸುಮ್ಮನೆ ನಿಂತುಬಿಟ್ಟೆ."

ಫೋಟೋಗೆ ನಂಬರ್ ಹಾಕಿದೆ. 'ಪರೀಕ್ಷಕರು' ಎಂಬ ಜಾಗದಲ್ಲಿ ಇವರ ಪ್ರಮಾಣಪತ್ರದ ಸಂಖ್ಯೆ ಬರೆದೆ. 'ಸಹಿ' ಎಂಬ ಜಾಗದಲ್ಲಿ 'ಇಲ್ಲ' ಎಂದು ಬರೆದೆ.

ಅಕ್ಕ

ನವೆಂಬರ್ 12

ಅಕ್ಕಾ,

ನಿನ್ನ ಕಾಗದ ಓದಿ ಆಫೀಸಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಐವತ್ತರ ಹತ್ತಿರದ ಗಂಡಸು. ಹೊರಗೆ ಬಂದರೆ ಜವಾನ, "ನೆಗಡೀನಾ ಸಾರ್?" ಅಂದ.

ಪತ್ರಿಕೆಯಲ್ಲಿ ನೀನೂ ನೋಡಿರುತ್ತೀಯ. ನವೀಕರಣದ ಅರ್ಜಿಯನ್ನು ವಾಪಸು ಕಳಿಸಿದ್ದಾರೆ. ಆ ಪೈಪು ಕತ್ತರಿಸಿ ಬದಲಾಯಿಸಬೇಕು, ಅಲ್ಲಿಯವರೆಗೆ ಸ್ಥಾವರ ಶುರುವಾಗುವಂತಿಲ್ಲ. ಮೇಷ್ಟ್ರು ತಾವೇ ಬಂದು ಹೇಳಿಕೆ ಕೊಟ್ಟರಂತೆ, ಡ್ರಾಯರಿನ ಕೀಲಿಯನ್ನೂ ಮೇಜಿನ ಮೇಲಿಟ್ಟರಂತೆ. ಹದಿನೆಂಟು ತಿಂಗಳ ಮಾತು ಈಗ ಯಾರೂ ಎತ್ತುತ್ತಿಲ್ಲ. ಕಾಗದ ಮಾತಾಡುತ್ತೆ ಅಂದವರು ಈ ಸಲದ ಸಭೆಗೆ ಬಂದಿದ್ದರು, ನೀರು ಕುಡಿದು ಹೋದರು.

ಒಂದು ಮಾತು ನಿನಗೆ ನಾನೇ ಹೇಳಬೇಕು, ನಿರ್ದೇಶಕರು ಕರೆದು ತಿಳಿಸಿದ್ದು. ಇಂಥ ಗೋಡೆಯೊಳಗಿನ ಕೋಣೆಗಳು ಅಲ್ಲಿ ಹದಿನೇಳಿವೆ. ಎಲ್ಲದರ ಹಾಳೆಗಳನ್ನೂ ಜೋಡಿಸಿ ನೋಡುತ್ತಿದ್ದಾರೆ. ಇನ್ನೂ ಮೂರರಲ್ಲಿ ಗೆರೆ ನೇರ ಇದೆ. ಅವುಗಳ ಸಹಿ ಭಾವನದಲ್ಲ, ಬೇರೆ ಮೂವರದು. ಮೂವರೂ ಈಗ ಬದುಕಿಲ್ಲ.

ಆ ಮೂವರ ಮನೆಯವರನ್ನು ಮಂಡಳಿಯವರು ವಿಚಾರಿಸುತ್ತಾರೆ. ಗುರುತಿನ ಚೀಟಿ ಹಿಡಿದವರು ಬಾಗಿಲು ತಟ್ಟಿದರೆ ಯಾರು ಬಾಯಿ ಬಿಡುತ್ತಾರೆ ಎಂದು ನಿರ್ದೇಶಕರೇ ಅಂದರು.

ನಿನ್ನ ತಮ್ಮ

ಡಿಸೆಂಬರ್ 1

ತಮ್ಮಾ,

ಸ್ಥಾವರ ನಿಂತು ಮೂರನೇ ತಿಂಗಳು. ಇಷ್ಟು ದಿನ ಇದು ಎಂದೂ ನಿಂತಿರಲಿಲ್ಲ. ಅಂಗಡಿ ಬೀದಿಯಲ್ಲಿ ಜನ ಪಿಸುಗುಟ್ಟಿ ಮಾತಾಡುತ್ತಾರೆ. ಮಕ್ಕಳೂ ಮೆಲ್ಲಗೆ ಆಡುತ್ತಾರೆ. ಕೆಲವರು ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಾರೆ. ಹೋಗಲಿ.

ನೀನು ಬರೆದ ಮೂವರ ಸಹಿಯೂ ನನಗೆ ಗೊತ್ತು. ಏಳು ವರ್ಷ ಅವುಗಳಿಗೂ ನಂಬರ್ ಹಾಕಿದ್ದೇನೆ. ಮೂವರ ಹೆಂಡಂದಿರೂ ಇದೇ ಊರಿನಲ್ಲಿದ್ದಾರೆ. ಒಬ್ಬರದು ನೀರಿನ ಟ್ಯಾಂಕಿನ ಹಿಂದಿನ ಮನೆ. ಮಾರುಕಟ್ಟೆಯಲ್ಲಿ ಸಿಕ್ಕರೆ ಮುಗುಳ್ನಕ್ಕು ಹೋಗುವಷ್ಟು ಪರಿಚಯ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಶುರು ಮಾಡಲಿ ಅಂತ ಯೋಚನೆ. ನಿಮ್ಮ ಯಜಮಾನರೂ ಖಾಲಿ ಹಾಳೆಗೆ ಸಹಿ ಹಾಕುತ್ತಿದ್ದರಾ ಅಂತ ಕೇಳುವುದು ಹೇಗೆ? ಅವರು ಬಾಗಿಲು ಮುಖದ ಮೇಲೆ ಹಾಕಿಕೊಂಡರೆ? ಗೇಟಿನ ಹತ್ತಿರ ನಿಂತು ವಾಪಸು ತಿರುಗಿದ್ದೂ ಆಯಿತು.

ಆಮೇಲೆ ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆರೆದವರು ಅವರೇ. ಒಳಗೆ ಊಟದ ಮೇಜು ಕಾಣುತ್ತಿತ್ತು, ಅದರ ಮೇಲೆ ಏನೂ ಇರಲಿಲ್ಲ. ಒಂದು ಕುರ್ಚಿಯನ್ನು ಮಾತ್ರ ಸ್ವಲ್ಪ ಹಿಂದಕ್ಕೆ ಎಳೆದಿಟ್ಟಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಅಲ್ಲಿ ಕೂತ್ಕೊಂಡು ಸಹಿ ಹಾಕ್ತಿದ್ರು," ಅಂದರು. "ನನ್ನನ್ನ ಯಾರೂ ಕೇಳ್ಲೇ ಇಲ್ಲ ಕಣಮ್ಮ. ಬಾ ಒಳಗೆ."

ಅಕ್ಕ